ಮೋಟಾರು ಬಂಡಿಯ ಜನ್ಮಕಾಲ

ಇಂಗ್ಲೆಂಡಿನಲ್ಲಿ ನವೆಂಬರ್ ತಿಂಗಳ ಮೊದಲನೆಯ ಭಾನುವಾರ, ಸೂರ್ಯೋದಯದ ಹೊತ್ತಿಗೆ ಲಂಡನ್ನಿನ ಹೈಡ್ ಪಾರ್ಕಿನಿಂದ ಹೊರಟು, ಸುಮಾರು 60 ಮೈಲಿ ದಕ್ಷಿಣದ ಕಡಲತೀರದಲ್ಲಿರುವ ಬ್ರೈಟನ್ ಪಟ್ಟಣಕ್ಕೆ ಸಾಗುವ ಹಳೆಯ ಮೋಟಾರು ಬಂಡಿಗಳ ಯಾತ್ರೆಯೊಂದು ಬಹುಕಾಲದಿಂದ ನಡೆದುಬಂದಿದೆ. ಅದರಲ್ಲಿ ಪಾಲ್ಗೊಳ್ಳುವ ಬಂಡಿ ಚೆಲುವಾಗಿರಬೇಕೆಂಬ ನಿಯಮವಿಲ್ಲ, ವೇಗಶಾಲಿಯಾಗಿರಬೇಕೆಂದೂ ಇಲ್ಲ, ಹೊರಟದ್ದು ಬ್ರೈಟನ್ನನ್ನು ಮುಟ್ಟಿಯೇ ತೀರಬೇಕೆಂದು ಕೂಡ ಯಾರೂ ಹಟಹಿಡಿಯುವುದಿಲ್ಲ. ಅದು 1905ನೆಯ ಇಸವಿಯ ಜನವರಿ 1ಕ್ಕೆ ಮುಂಚೆ ನಿರ್ಮಿತವಾದುದಾಗಿರಬೇಕು, ಅಷ್ಟೆ. ಒಂದೇ ಕಾರ್ಖಾನೆಯಲ್ಲಿ, ಒಂದೇ ನಕ್ಷೆಯಂತೆ, ಒಬ್ಬನೇ ಫಿಟ್ಟರನ ಕೈಯಲ್ಲಿ ಸಿದ್ಧವಾದ ಎರಡು ಬಂಡಿಗಳ ಪೈಕಿ ಒಂದು ಡಿಸೆಂಬರಿನ ಕೊನೆಯ ವಾರದ್ದೆಂದೂ ಇನ್ನೊಂದು ಜನವರಿಯ ಮೊದಲ ವಾರದ್ದೆಂದೂ ನಿಶ್ಚಯವಾದರೆ, ಮೊದಲನೆಯದಕ್ಕೆ ಯಾತ್ರೆಯ ಅರ್ಹತೆಯೂ ಅದರ ಹಿಂದೆಯೇ ಬರುವ ದೊಡ್ಡ ಬೆಲೆಯೂ ಲಭಿಸುತ್ತವೆ. ಎರಡನೆಯದು ಮಾಲಿಕನ ಕೊಟ್ಟಿಗೆಯಲ್ಲಿ ಮರ್ಯಾದೆಯಿಂದ ಇರಬಹುದು. ಹೀಗಾಗಿ, ಬಂಡಿ ಯಾವಾಗ ಹುಟ್ಟಿತೆಂಬ ಪ್ರಶ್ನೆ, ಹುಟ್ಟಿಸಿದವರ ಮನಸ್ಸಿಗೆ ಎಂದೂ ಬಾರದಿದ್ದ ಪ್ರಶ್ನೆ, ಒಂದು ವಿಚಾರಣಾಶಾಸ್ತ್ರವಾಗಿಯೇ ಬೆಳೆದಿದೆ. ಆ ಶಾಸ್ತ್ರ ಬೆಳೆದುಬಂದ ಬಗೆಯನ್ನು ನೋಡಿದರೆ, ಕಾಲನಿರ್ಣಯವೆಂಬುದು ಬಂಡಿಯ ಒಡಲಿನಲ್ಲಿ ಅಡಗಿರುವ ಒಂದು ಸತ್ಯವನ್ನು ಅಗೆದು ತೆಗೆಯುವ ಕೆಲಸಕ್ಕಿಂತ ಹೆಚ್ಚಾಗಿ, ಯಾರು ಯಾವ ಪ್ರಯೋಜನಕ್ಕಾಗಿ ಕೇಳುತ್ತಾರೆಂಬುದರ ಮೇಲೆ ನಿಂತಿರುವ ಒಡಂಬಡಿಕೆಯೆಂದು ನನಗೆ ತೋರುತ್ತದೆ.

ಯಾತ್ರೆಯ ಮೂಲ 1896ನೆಯ ಇಸವಿಯದು. ಅದಕ್ಕೆ ಹಿಂದೆ ಇಂಗ್ಲೆಂಡಿನ ರಸ್ತೆಗಳಲ್ಲಿ ಯಂತ್ರಚಾಲಿತ ವಾಹನಗಳಿಗೆ 1865ರ ಶಾಸನದ ಕಡಿವಾಣವಿತ್ತು: ಬಯಲು ಸೀಮೆಯಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ, ಮತ್ತು ವಾಹನಕ್ಕೆ 60 ಗಜ ಮುಂದೆ ಕೆಂಪು ಬಾವುಟ ಹಿಡಿದು ನಡೆಯುವ ಒಬ್ಬ ಮನುಷ್ಯ. ಉಗಿಯ ಭಾರಿ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಈ ಕಟ್ಟಳೆಯನ್ನು 1878ರಲ್ಲಿ ಸ್ವಲ್ಪ ಸಡಿಲಿಸಿದರಾದರೂ ಮುಂದೆ ನಡೆಯುವ ಮನುಷ್ಯ ಉಳಿದೇ ಉಳಿದನು. 1896ರ ಹೊಸ ಶಾಸನ ಹಗುರವಾದ ವಾಹನಗಳನ್ನು ಈ ಬಂಧನದಿಂದ ಬಿಡಿಸಿತು. ವೇಗದ ಮಿತಿಯನ್ನು 14 ಮೈಲಿಗೆ ಏರಿಸಿತು. ಆದರೆ ಇಲಾಖೆಯವರು ಅದನ್ನು 12ಕ್ಕೆ ಇಳಿಸಿದರು. ಶಾಸನ ಜಾರಿಗೆ ಬಂದ ನವೆಂಬರ್ 14ರಂದೇ, ಮೋಟಾರು ಪೇಟೆಂಟುಗಳನ್ನು ರಾಶಿರಾಶಿಯಾಗಿ ಕೊಂಡಿಟ್ಟಿದ್ದ ಹ್ಯಾರಿ ಲಾಸನ್ ಎಂಬ ಸಾಹಸಿ ವ್ಯಾಪಾರಿ, ವಿಮೋಚನೆಯ ಉತ್ಸವವೆಂಬಂತೆ ಲಂಡನ್ನಿನಿಂದ ಬ್ರೈಟನ್ನಿಗೆ ಬಂಡಿಗಳ ಒಂದು ಸವಾರಿಯನ್ನು ಹೊರಡಿಸಿದನು. ಹೊರಡುವ ಮುನ್ನ ಉಪಾಹಾರದ ಮೇಜಿನಲ್ಲಿ ವಿಂಚಿಲ್ಸಿಯ ಅರ್ಲ್ ಸಾಹೇಬರು ಒಂದು ಕೆಂಪು ಬಾವುಟವನ್ನು ಹರಿದು ಎಸೆದರು. ಆ ದಿನದ ಬಂಡಿಗಳಲ್ಲಿ ವಿದ್ಯುಚ್ಛಕ್ತಿಯ ಒಂದನ್ನು ರೈಲಿನಲ್ಲಿ ಬ್ರೈಟನ್ನಿಗೆ ಸಾಗಿಸಿ, ಊರ ಹೊರಗೆ ಅದಕ್ಕೆ ಕೆಸರು ಬಳಿದು, ರಸ್ತೆಯ ಮೇಲೆ ಬಂದುದೆಂಬಂತೆ ಒಳಗೆ ತಂದರೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಕಥೆ ನಿಜವಾದರೆ, ಹಳೆಯ ಬಂಡಿಗೆ ಇಲ್ಲದ ಚರಿತ್ರೆಯನ್ನು ಮೆತ್ತುವ ಕಲೆ, ಬಂಡಿಗಳು ಹಳೆಯವಾಗುವುದಕ್ಕೆ ಮೊದಲೇ ಆರಂಭವಾಯಿತೆಂದಾಯಿತು.

ಇದಾದ ಮೇಲೆ ಮೂವತ್ತು ವರ್ಷ ಆ ಬಂಡಿಗಳನ್ನು ಕೇಳುವವರೇ ಇರಲಿಲ್ಲ. ಮೋಟಾರು ತಯಾರಿಕೆ ಬಹು ವೇಗದಿಂದ ಬದಲಾಗುತ್ತಿದ್ದ ಆ ಕಾಲದಲ್ಲಿ ಐದು ವರ್ಷ ಹಳೆಯದಾದ ಬಂಡಿ ನಗೆಪಾಟಲಿನ ವಸ್ತುವಾಗಿತ್ತು. ಹತ್ತು ವರ್ಷದ್ದು ಗುಜರಿಗೆ ಹೋಗುತ್ತಿತ್ತು, ಇಲ್ಲವೆ ಹಳ್ಳಿಯ ಕಣಜದಲ್ಲಿ ಕೋಳಿಗಳಿಗೆ ಮನೆಯಾಗುತ್ತಿತ್ತು. ಎಂಜಿನ್ನು ಮಾತ್ರ ಕೆಲವೆಡೆ ಮೇವು ಕತ್ತರಿಸುವುದಕ್ಕೋ ನೀರೆತ್ತುವುದಕ್ಕೋ ಉಳಿಯುತ್ತಿತ್ತು. 1927ರಲ್ಲಿ ಡೈಲಿ ಸ್ಕೆಚ್ ಪತ್ರಿಕೆಯ ಆಶ್ರಯದಲ್ಲಿ ಬ್ರೈಟನ್ ಯಾತ್ರೆಯನ್ನು ಸ್ಮಾರಕವಾಗಿ ಮತ್ತೆ ನಡೆಸಿದಾಗ ನೋಡಬಂದವರಲ್ಲಿ ಬಹುಮಂದಿಗೆ ಅದು ವಿನೋದದ ಸಂಗತಿಯಾಗಿತ್ತು. 1930ರ ಯಾತ್ರೆ ಮುಗಿದ ಮೇಲೆ ಬ್ರೈಟನ್ನಿನ ಓಲ್ಡ್ ಷಿಪ್ ಹೋಟೆಲಿನಲ್ಲಿ ಕೆಲವು ಗೆಳೆಯರು ಕಲೆತು ವೆಟರನ್ ಕಾರ್ ಕ್ಲಬ್ಬನ್ನು ಸ್ಥಾಪಿಸಿದರು. ಅವರಲ್ಲಿ ಪ್ರಮುಖನಾದ ಸ್ಯಾಮಿ ಡೇವಿಸ್ ಪತ್ರಿಕೋದ್ಯಮಿ. ಅಷ್ಟೇ ಅಲ್ಲ, 1927ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು ಜಖಂಗೊಂಡ ಬೆಂಟ್ಲಿಯೊಂದರಲ್ಲಿ ಗೆದ್ದವನು. ಹಾಸ್ಯಕ್ಕಾಗಿ ಕೂಡಿದ್ದವರು ಕ್ಲಬ್ಬು ಕಟ್ಟಿದೊಡನೆ ನಿಯಮಾವಳಿ ಬಂತು. ನಿಯಮಾವಳಿ ಬಂದೊಡನೆ ಗಡಿ ಬಂತು. ಗಡಿ ಬಂದೊಡನೆ ಗಡಿಯ ಮೇಲೆ ಕುಳಿತ ಬಂಡಿಗಳ ವ್ಯಾಜ್ಯ ಬಂತು. 1904ರ ಅಂತ್ಯಕ್ಕೆ ಹಿಂದಿನವು ಒಂದು ವರ್ಗ, 1905ರಿಂದ 1918ರ ವರೆಗಿನವು ಇನ್ನೊಂದು ವರ್ಗವೆಂದು ಕಾಲಕ್ರಮದಲ್ಲಿ ನೆಲೆಗೊಂಡಿತು. 1934ರಲ್ಲಿ ಹುಟ್ಟಿದ ಮತ್ತೊಂದು ಕ್ಲಬ್ಬು, 1930ರ ತರುವಾಯದ ಬಂಡಿಗಳಲ್ಲಿ ಸತ್ತ್ವವಿಲ್ಲವೆಂದು ತೀರ್ಮಾನಿಸಿ, ಕೇವಲ ನಾಲ್ಕು ವರ್ಷ ಹಿಂದಕ್ಕೆ ಗೆರೆಯೆಳೆಯಿತು. ನಾಲ್ಕು ವರ್ಷದ ಹಿಂದನ್ನು ಸುವರ್ಣಯುಗವೆಂದು ಕರೆಯುವ ಧೈರ್ಯ ನಮ್ಮ ಪುರಾಣಕರ್ತರಿಗೂ ಇರಲಿಲ್ಲ.

ಕ್ಲಬ್ಬಿನಲ್ಲಿ ಕಾಲನಿರ್ಣಯಕ್ಕೆ ಕೂತ ಮಂಡಳಿಯವರ ಮುಂದೆ ಮೊದಲು ಬರುವ ಸಾಕ್ಷಿ ಲೋಹ. ಯಜಮಾನನ ಮಾತನ್ನು ಅವರು ಕೇಳುತ್ತಾರೆ, ನಂಬುವುದಿಲ್ಲ. ಅವನ ತಾತ ಹೇಳಿದ್ದನ್ನು ಇನ್ನೂ ಕಡಮೆ ನಂಬುತ್ತಾರೆ. ಮುಂಭಾಗದ ಹಲಗೆಯ ಮೇಲೆ ಹಿತ್ತಾಳೆಯ ತಗಡಿರುತ್ತದೆ. ಆದರೆ ತಗಡನ್ನು ಎರಡು ತಿರುಪುಗಳಿಂದ ಹಚ್ಚಿರುವುದರಿಂದ ಅದನ್ನು ಬಿಚ್ಚಿ ಬೇರೊಂದಕ್ಕೆ ಹಚ್ಚುವುದೂ ಅಷ್ಟೇ ಸುಲಭ. ಆದುದರಿಂದ ದೃಷ್ಟಿ ಚಾಸಿಯ ಕಡೆಗೆ ಹೊರಳುತ್ತದೆ. ಸ್ಪ್ರಿಂಗಿನ ಪಟ್ಟಿ ಬಂದು ಸೇರುವ ಮುಂಗೊನೆಯಲ್ಲಿ, ಹತ್ತಾರು ಸಲ ಬಳಿದ ಬಣ್ಣದ ಪದರಗಳ ಅಡಿಯಲ್ಲಿ, ಅಚ್ಚಿನಿಂದ ಹೊಡೆದ ಅಂಕಿಗಳಿರುವುದುಂಟು: ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ತೆಗೆದು, ಬಣ್ಣವನ್ನು ಕೆರೆಯದೆ ಕರಗಿಸಿ, ಸೀಮೆಸುಣ್ಣವನ್ನು ಉಜ್ಜಿ ಒರೆಸಿದರೆ ಹಳ್ಳಗಳಲ್ಲಿ ಬಿಳಿ ಉಳಿದು ಅಂಕಿ ತೋರುತ್ತದೆ. ಅಂಕಿಗಳು ಒಂದೇ ಮಟ್ಟದಲ್ಲಿ ನೇರವಾಗಿ ಸಾಲುಗೂಡಿದ್ದರೆ ಅನುಭವಸ್ಥನು ಸಂತೋಷಪಡುವುದಿಲ್ಲ, ಸಂಶಯಪಡುತ್ತಾನೆ. ಏಕೆಂದರೆ ಆ ಕಾಲದ ಕೆಲಸಗಾರನು ಒಂದೊಂದು ಅಂಕಿಯ ಅಚ್ಚನ್ನೂ ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದನು, ಆ ಹೊಡೆತದಲ್ಲಿ ಒಂದು ಅಂಕಿ ಸ್ವಲ್ಪ ಮೇಲೇರುವುದು, ಇನ್ನೊಂದು ವಾಲುವುದು ಸಹಜ. ಅಂಕಿಯ ಸುತ್ತ ಅರದ ಗೀರುಗಳಿದ್ದರಂತೂ ಹಿಂದೆ ಇದ್ದ ಒಂದು ಸಂಖ್ಯೆಯನ್ನು ಯಾರೋ ಉಜ್ಜಿಹಾಕಿದ್ದಾರೆಂದೇ ಅರ್ಥ.

ಸಂಖ್ಯೆ ಸಿಕ್ಕಿದರೂ ಅದನ್ನು ಓದುವ ಪಟ್ಟಿ ಬೇಕಲ್ಲ! ಆದಿಕಾಲದ ಕಾರ್ಖಾನೆಗಳಲ್ಲಿ ಅನೇಕವು ಸೈಕಲ್ಲಿನಿಂದಲೋ ಹೊಲಿಗೆಯಂತ್ರದಿಂದಲೋ ಮೋಟಾರಿಗೆ ಕೈಹಾಕಿದವು. ಲೆಕ್ಕಪುಸ್ತಕವಿದ್ದರೆ ಹಣದ ಲೆಕ್ಕಕ್ಕೆ ಹೊರತು ಚರಿತ್ರೆಗಲ್ಲ. ಕೆಲವು ಮೂರೇ ವರ್ಷದಲ್ಲಿ ದಿವಾಳಿಯೆದ್ದು, ಪುಸ್ತಕಗಳು ಸಾಲಗಾರರ ಪಾಲಾದವು. ಉಳಿದವನ್ನು ಬೆಂಕಿ ತಿಂದಿತು. ಅಮೆರಿಕದಲ್ಲಿ ರ‍್ಯಾನ್ಸಮ್ ಓಲ್ಡ್ಸ್ ಎಂಬಾತನ ಡೆಟ್ರಾಯಿಟಿನ ಕಾರ್ಖಾನೆ 1901ರ ಮಾರ್ಚಿನಲ್ಲಿ ಸುಟ್ಟುಹೋಯಿತು. ಇಂಗ್ಲೆಂಡಿನ ಮೋಟಾರು ಉದ್ಯಮದ ತವರಾದ ಕವೆಂಟ್ರಿ ನಗರದ ಮೇಲೆ ಜರ್ಮನರ ಮಹಾ ಬಾಂಬುದಾಳಿ ನಡೆದದ್ದು 1940ರ ನವೆಂಬರ್ 14ರ ರಾತ್ರಿ. ವಿಮೋಚನೆಯ ಸವಾರಿ ಹೊರಟ ದಿನಕ್ಕೆ ಸರಿಯಾಗಿ 44 ವರ್ಷ. ಟ್ರಯಂಫ್ ಮೋಟಾರ್ ಸೈಕಲ್ಲುಗಳ ಕಾರ್ಖಾನೆ ಆ ರಾತ್ರಿ ನಕ್ಷೆಗಳೊಡನೆ ನಾಶವಾಯಿತು.

ಪಟ್ಟಿಯಿಲ್ಲದೆಡೆ ಯಂತ್ರದ ಅಂಗಾಂಗಗಳೇ ಮಾತನಾಡಬೇಕು. ಪಿಸ್ಟನ್ನು ಇಳಿಯುವಾಗ ಆಗುವ ಹೀರುವಿಕೆಯಿಂದಲೇ ತೆರೆದುಕೊಳ್ಳುವ ಇನ್ಲೆಟ್ ವಾಲ್ವು ಇದ್ದರೆ ಹಳೆಯದು. ಕ್ಯಾಮಿನಿಂದ ಎತ್ತಲ್ಪಡುವ ವಾಲ್ವು ಇದ್ದರೆ ತರುವಾಯದ್ದು. ಕಾದ ಕೊಳವೆಯಿಂದ ಹೊತ್ತಿಸುವ ಪದ್ಧತಿ ಹೋಗಿ ವಿದ್ಯುತ್ತಿನ ಕಿಡಿ ಬಂತು. ತಿರುಗಿಸುವ ಹಿಡಿಕೋಲು ಹೋಗಿ ಚಕ್ರ ಬಂತು. ಬಳ್ಳಿಯಂತೆ ಸುತ್ತಿದ ನೀರಿನ ಕೊಳವೆಯ ಬದಲು ಜೇನುಗೂಡಿನ ರೇಡಿಯೇಟರು ಬಂತು. ಈ ಕೊನೆಯದನ್ನು ವಿಲ್ಹೆಲ್ಮ್ ಮೈಬಾಕ್ ರೂಪಿಸಿದ, ಎಮಿಲ್ ಯೆಲಿನೆಕ್ ಎಂಬ ವರ್ತಕನ ಮಗಳ ಹೆಸರಿನ, 1901ರ ಮರ್ಸಿಡಿಸ್ ಬಂಡಿ ಜಗತ್ತಿಗೆ ಪರಿಚಯಿಸಿತು. ಆದರೆ ಇದನ್ನೆಲ್ಲ ಎಚ್ಚರಿಕೆಯಿಂದ ಬಳಸಬೇಕು. ಆರ್. ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯಲ್ಲಿ ಕಾಲ ತಿಳಿಯದ ಕವಿಯೊಬ್ಬನು ಯಾರನ್ನು ಸ್ತುತಿಸಿದ್ದಾನೆ, ಅವನನ್ನು ಯಾರು ಸ್ಮರಿಸಿದ್ದಾರೆ ಎಂಬುದನ್ನು ನೋಡಿ ಪೂರ್ವಾವಧಿ ಉತ್ತರಾವಧಿಗಳನ್ನು ಕಟ್ಟಿದ ಕ್ರಮವೇ ಇಲ್ಲಿಯೂ ನಡೆಯುತ್ತದೆ. ವ್ಯತ್ಯಾಸವೇನೆಂದರೆ, ಬಂಡಿಯೆಂಬ ಗ್ರಂಥದಲ್ಲಿ ಪ್ರಕ್ಷಿಪ್ತವೇ ಅಧಿಕ. 1899ರ ಬಂಡಿಯ ಯಜಮಾನನು 1903ರಲ್ಲಿ ಹಿಡಿಕೋಲನ್ನು ಕಿತ್ತು ಚಕ್ರ ಹಾಕಿಸಿದನು. 1906ರಲ್ಲಿ ಹೊಸ ಕಾರ್ಬುರೇಟರು ಹಾಕಿಸಿದನು. ಅವನಿಗೆ ಬೇಕಾದದ್ದು ಓಡುವ ಬಂಡಿ, ಮುಂದೆ ಒಂದು ದಿನ ಒಂದು ಮಂಡಳಿ ತನ್ನನ್ನು ಶಪಿಸೀತೆಂದು ಅವನು ಎಣಿಸಲಿಲ್ಲ. ಹೀಗಾಗಿ ಹೊಸ ಭಾಗ ಇದ್ದ ಮಾತ್ರಕ್ಕೆ ಬಂಡಿ ಹೊಸದಲ್ಲ, ಹಳೆಯ ಭಾಗ ಇದ್ದ ಮಾತ್ರಕ್ಕೆ ಹಳೆಯದೂ ಅಲ್ಲ. ಭಾಗಗಳು ಒಂದಕ್ಕೊಂದು ಒಗ್ಗಿಕೊಂಡು ಕುಳಿತಿವೆಯೇ, ತೂತುಗಳು ಸರಿಹೊಂದುತ್ತವೆಯೇ, ಅರ್ಥವಿಲ್ಲದ ತೂತೊಂದು ಚಾಸಿಯಲ್ಲಿ ಬಾಯಿತೆರೆದು ನಿಂತಿದೆಯೇ ಎಂಬುದನ್ನು ನೋಡಬೇಕು. ಅನಾಥವಾದ ತೂತು ಬಹಳ ಮಾತನಾಡುವ ಸಾಕ್ಷಿ.

ಇನ್ನೂ ಕಷ್ಟವಾದದ್ದು ಜೋಡಣೆಯ ಬಂಡಿಗಳದು. ಫ್ರಾನ್ಸಿನ ಡಿ ದಿಯಾನ್ ಬೂತಾನ್ ಕಂಪೆನಿಯ ಒಂಟಿ ಸಿಲಿಂಡರಿನ ಎಂಜಿನ್ನು ಆ ಯುಗದಲ್ಲಿ ಅನೇಕ ತಯಾರಕರಿಗೆ ಹೃದಯಸ್ಥಾನದಲ್ಲಿತ್ತು. ಲೂಯಿ ರೆನೋ 1898ರಲ್ಲಿ ಕಟ್ಟಿದ ಮೊದಲ ಬಂಡಿಗೂ ಅದೇ ಎಂಜಿನ್ನು. ಲಕಾಸ್ತ್ ಎ ಬಾಟ್‌ಮಾನ್ ಎಂಬ ಇನ್ನೊಂದು ಫ್ರೆಂಚ್ ಸಂಸ್ಥೆ ಚಾಸಿಗಳನ್ನು ಸಿದ್ಧಪಡಿಸಿ ಇಂಗ್ಲಿಷ್ ವರ್ತಕರಿಗೆ ಒದಗಿಸುತ್ತಿತ್ತು. ವರ್ತಕರು ತಮ್ಮ ಹೆಸರಿನ ತಗಡನ್ನು ಹಚ್ಚಿ ಸ್ವಂತ ತಯಾರಿಕೆಯೆಂದು ಮಾರುತ್ತಿದ್ದರು. ಇಂಥ ಬಂಡಿಯಲ್ಲಿ ಎಂಜಿನ್ನಿನ ಸಂಖ್ಯೆ ಒಂದು ಕಾರ್ಖಾನೆಯ ತಾರೀಖನ್ನು ಹೇಳಿದರೆ, ಚಾಸಿಯದು ಇನ್ನೊಂದರದನ್ನು ಹೇಳುತ್ತದೆ. ಒಡಲು ಕಟ್ಟಿದ ಬಡಗಿ ಯಾವ ತಾರೀಖನ್ನೂ ಬರೆದಿರುವುದಿಲ್ಲ. ಇವುಗಳಲ್ಲಿ ಕೊನೆಯದನ್ನೇ ಹುಟ್ಟಿದ ದಿನವೆನ್ನಬೇಕೆಂದು ತರ್ಕ ಹೇಳೀತು. ಆದರೆ ತಿಳಿದಿರುವುದು ಸಾಮಾನ್ಯವಾಗಿ ಮೊದಲನೆಯದು ಮಾತ್ರ.

ಈ ಗೊಂದಲದ ನಡುವೆ, ಬಂಡಿಯ ಮೇಲೆ ಎಳ್ಳಷ್ಟೂ ಪ್ರೀತಿಯಿಲ್ಲದ ಒಬ್ಬ ಸಾಕ್ಷಿ ಎದ್ದುನಿಲ್ಲುತ್ತಾನೆ: ಜಿಲ್ಲಾ ಕಚೇರಿಯ ಗುಮಾಸ್ತ. 1903ರ ಮೋಟಾರು ಶಾಸನ ವೇಗದ ಮಿತಿಯನ್ನು 20 ಮೈಲಿಗೆ ಏರಿಸಿತು. ಅದಕ್ಕೆ ಪ್ರತಿಯಾಗಿ, 1904ರ ಜನವರಿ 1ರಿಂದ ರಸ್ತೆಯ ಮೇಲಿರುವ ಪ್ರತಿಯೊಂದು ಮೋಟಾರೂ ಕೌಂಟಿ ಪರಿಷತ್ತಿನಲ್ಲಿ ನೋಂದಣಿಯಾಗಿ, ಸಂಖ್ಯೆಯ ಫಲಕವನ್ನು ಧರಿಸಬೇಕೆಂದು ವಿಧಿಸಿತು. ಶುಲ್ಕ ಕಾರಿಗೆ 1 ಪೌಂಡು, ಮೋಟಾರ್ ಸೈಕಲ್ಲಿಗೆ 5 ಷಿಲಿಂಗು. ಜನಸಂಖ್ಯೆಯ ಕ್ರಮದಲ್ಲಿ ಲಂಡನ್ನಿಗೆ ಎ, ಲ್ಯಾಂಕಷೈರಿಗೆ ಬಿ, ಎಂದು ಅಕ್ಷರಗಳನ್ನು ಹಂಚಿದರು. ಗುಮಾಸ್ತನು ಉದ್ದನೆಯ ಲೆಡ್ಜರಿನಲ್ಲಿ ಕೆಂಪು ಗೆರೆಗಳ ನಡುವೆ ಬರೆದುಕೊಂಡದ್ದು ಇಷ್ಟು: ಸಂಖ್ಯೆ, ಮಾಲಿಕನ ಹೆಸರು ಮತ್ತು ವಿಳಾಸ, ಬಂಡಿಯ ಬಗೆ, ಒಡಲಿನ ರೂಪ ಮತ್ತು ಬಣ್ಣ, ಖಾಲಿಯಿರುವಾಗಿನ ತೂಕ, ಸ್ವಂತಕ್ಕೋ ವ್ಯಾಪಾರಕ್ಕೋ ಎಂಬುದು, ನೋಂದಣಿಯ ತಾರೀಖು. ಬಂಡಿಯ ವಯಸ್ಸನ್ನು ಅವನು ಕೇಳಲೇ ಇಲ್ಲ. ಸರ್ಕಾರಕ್ಕೆ ಬೇಕಾಗಿದ್ದದ್ದು ಅಪಘಾತ ಮಾಡಿ ಓಡಿಹೋದವನನ್ನು ಹಿಡಿಯುವುದೇ ಹೊರತು ಬೇರೆಯಲ್ಲ. ಆದರೂ ಅದೇ ಲೆಡ್ಜರು ಇಂದು ಯಾವ ಕಾರ್ಖಾನೆಯ ಜಾಹೀರಾತಿಗಿಂತಲೂ ಶ್ರೇಷ್ಠ ಪ್ರಮಾಣವಾಗಿದೆ. ನಿರ್ಲಿಪ್ತನ ಬರಹದಲ್ಲಿ ಸುಳ್ಳಿಗೆ ಪ್ರಯೋಜನವಿರಲಿಲ್ಲ. 'ಹಸಿರು ಬಣ್ಣ, ಇಬ್ಬರು ಕೂರುವಂಥದು, ಆರೂವರೆ ಹಂಡ್ರೆಡ್‌ವೆಯ್ಟ್ ತೂಕ' ಎಂಬಂಥ ಒಂದು ಸಾಲು, ಹಸಿರು ಬಣ್ಣದ ಒಂದು ಚೂರು ಆಸನದ ಅಡಿಯಲ್ಲಿ ದೊರೆತ ದಿನ, ಒಬ್ಬ ಮಾಲಿಕನನ್ನು ಪರಮಾನಂದಕ್ಕೆ ಒಯ್ಯುತ್ತದೆ.

ಈ ಸಾಕ್ಷಿಗೂ ಮಿತಿಯುಂಟು. 1904ರ ಜನವರಿಯಲ್ಲಿ ನೋಂದಣಿಯಾದ ಬಂಡಿ ಅಂದು ಅಸ್ತಿತ್ವದಲ್ಲಿತ್ತೆಂಬುದು ನಿಶ್ಚಯ. ಆದರೆ ಅದು 1903ರದೋ 1896ರದೋ ಎಂಬುದನ್ನು ಲೆಡ್ಜರು ಹೇಳದು, ಏಕೆಂದರೆ ಹಳೆಯವೂ ಹೊಸವೂ ಒಂದೇ ದಿನ ಒಂದೇ ಸಾಲಿನಲ್ಲಿ ಬಂದು ನಿಂತವು. ಅಲ್ಲದೆ ಬಂಡಿ ಮುರಿದುಹೋದಾಗ ಅದರ ಸಂಖ್ಯೆಯನ್ನು ಕೆಲವು ಪರಿಷತ್ತುಗಳು ಮತ್ತೊಂದಕ್ಕೆ ಕೊಟ್ಟವು. 1974ರಿಂದ ಈ ಕಾರ್ಯವೆಲ್ಲ ವೇಲ್ಸಿನ ಸ್ವಾನ್ಸಿ ನಗರದ ಒಂದೇ ಕೇಂದ್ರಕ್ಕೆ ಸೇರಿದಾಗ ಕೌಂಟಿಗಳ ಲೆಡ್ಜರುಗಳು ಅನಾವಶ್ಯಕವಾದವು. ಕೆಲವನ್ನು ದಾಖಲೆಯ ಭಂಡಾರಗಳು ಉಳಿಸಿಕೊಂಡವು, ಕೆಲವು ಕಸವಾಗಿ ಹೋದವು. 1983ರ ನವೆಂಬರ್ ಮುಗಿಯುವುದರೊಳಗೆ ಹೊಸ ಕೇಂದ್ರಕ್ಕೆ ತಿಳಿಸದೆ ಇದ್ದ, ಎಂದರೆ ಕಣಜದಲ್ಲಿ ಮಲಗಿದ್ದ, ಬಂಡಿಗಳ ಹಳೆಯ ಸಂಖ್ಯೆ ರದ್ದಾಯಿತು. ಅದನ್ನು ಹಿಂದಕ್ಕೆ ಪಡೆಯಬೇಕಾದರೆ ಹಳೆಯ ದಾಖಲೆಯನ್ನೂ ಮಾನ್ಯತೆ ಪಡೆದ ಕ್ಲಬ್ಬಿನ ಶಿಫಾರಸನ್ನೂ ಒದಗಿಸಬೇಕು. ವಯಸ್ಸೇ ಗೊತ್ತಾಗದ ವಾಹನಕ್ಕೆ ಕ್ಯೂ ಅಕ್ಷರದ ಫಲಕ. ಕುಲಗೋತ್ರ ತಿಳಿಯದೆಂದು ಹಣೆಯ ಮೇಲೆಯೇ ಬರೆದಂತಾಗುವುದರಿಂದ ಯಾವ ಮಾಲಿಕನೂ ಅದನ್ನು ಬಯಸುವುದಿಲ್ಲ.

ದಾಖಲೆ ಸಮೃದ್ಧವಾಗಿರುವ ಕಡೆ ಕೆಲಸ ಸುಲಭವೆಂದು ಭಾವಿಸಬಾರದು. ರೋಲ್ಸ್ ರಾಯ್ಸ್ ಸಂಸ್ಥೆ ತನ್ನ ಒಂದೊಂದು ಚಾಸಿಯ ವಿವರವನ್ನೂ ಕಾರ್ಡುಗಳಲ್ಲಿ ಬರೆದಿಟ್ಟಿತು. ಆದರೆ ಆ ಕಾಲದಲ್ಲಿ ಸಂಸ್ಥೆ ಮಾರುತ್ತಿದ್ದದ್ದು ಚಾಸಿಯನ್ನು ಮಾತ್ರ; ಒಡಲನ್ನು ಬಾರ್ಕರ್, ಹೂಪರ್ ಮೊದಲಾದ ಕೋಚ್‌ಬಿಲ್ಡರುಗಳು ಗಿರಾಕಿಯ ಇಷ್ಟದಂತೆ ಕಟ್ಟುತ್ತಿದ್ದರು. ಚಾಸಿ ಪರೀಕ್ಷೆಯಿಂದ ಹೊರಬಿದ್ದ ದಿನ ಒಂದು, ಕೋಚ್‌ಬಿಲ್ಡರನ ಅಂಗಳ ಸೇರಿದ ದಿನ ಇನ್ನೊಂದು, ತಿಂಗಳುಗಳ ತರುವಾಯ ಮಾಲಿಕನ ಕೈಸೇರಿದ ದಿನ ಮತ್ತೊಂದು. 1907ರ ಬೆಳ್ಳಿಬಣ್ಣದ ಪ್ರಖ್ಯಾತ ಬಂಡಿ, 60551 ಎಂಬ ಚಾಸಿಯದು, ಸಿಲ್ವರ್ ಗೋಸ್ಟ್ ಎಂದು ಮೊದಲು ಹೆಸರು ಪಡೆದದ್ದು, ಅದಕ್ಕೂ ಒಡಲು ಬಾರ್ಕರ್ ಅವರದು. ಶ್ರೀಮಂತರು ಚಾಸಿಯೊಂದಕ್ಕೆ ಚಳಿಗಾಲಕ್ಕೆ ಮುಚ್ಚಿದ ಒಡಲು, ಬೇಸಗೆಗೆ ತೆರೆದ ಒಡಲು ಎಂದು ಎರಡನ್ನು ಇಟ್ಟುಕೊಳ್ಳುವುದೂ ಇತ್ತು. ಚಾಸಿ ಗಟ್ಟಿ, ಒಡಲು ಮರ, ಆದುದರಿಂದ ಒಡಲು ಜೀರ್ಣವಾದಾಗ, ಅಥವಾ ಫ್ಯಾಷನ್ ತಪ್ಪಿದಾಗ, ಹೊಸದನ್ನು ತೊಡಿಸಿದರು, ಕೆಲವು ಶವವಾಹನಗಳಾದವು. ಜೀರ್ಣವಾದ ವಸ್ತ್ರವನ್ನು ಬಿಸುಟು ಹೊಸದನ್ನು ಉಡುವ ದೇಹಿಯ ವಿಚಾರ ನಮ್ಮವರಿಗೆ ಹೊಸದಲ್ಲ. ಆದರೆ ಹರಾಜಿನ ಪಟ್ಟಿಯಲ್ಲಿ ವೇದಾಂತ ನಡೆಯದು. ಅಲ್ಲಿ ಚಾಸಿಯ ಇಸವಿಯನ್ನು ದೊಡ್ಡ ಅಕ್ಷರದಲ್ಲಿಯೂ ಒಡಲಿನ ಇಸವಿಯನ್ನು ಸಣ್ಣ ಅಕ್ಷರದಲ್ಲಿಯೂ ಅಚ್ಚುಹಾಕುತ್ತಾರೆ. ನಮ್ಮ ಮೈಸೂರು ಅರಮನೆಯ ಗ್ಯಾರೇಜಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿದ್ದ ರೋಲ್ಸ್ ರಾಯ್ಸ್ ಬಂಡಿಗಳ ಕಾಲವನ್ನು ಇಂದು ನಿಶ್ಚಯಿಸಬೇಕಾದವನೂ ಮೊದಲು ಮೊರೆಹೋಗಬೇಕಾದದ್ದು ಇಂಗ್ಲೆಂಡಿನ ಆ ಕಾರ್ಡುಗಳನ್ನೇ.

ಅಮೆರಿಕದವರು ಬೇರೆ ದಾರಿ ಹಿಡಿದರು. 1908ರಿಂದ 1927ರ ವರೆಗೆ ಒಂದೂವರೆ ಕೋಟಿ ಸಂಖ್ಯೆಯಲ್ಲಿ ಹೊರಬಂದ ಫೋರ್ಡ್ ಮಾಡೆಲ್ ಟಿ ಬಂಡಿಗೆ ಬಹುಕಾಲ ಚಾಸಿಯಲ್ಲಿ ಸಂಖ್ಯೆಯೇ ಇರಲಿಲ್ಲ; ಎಂಜಿನ್ನಿನ ಸಂಖ್ಯೆಯೇ ಬಂಡಿಯ ಸಂಖ್ಯೆ. ಎಂಜಿನ್ನು ಯಾವ ದಿನ ಸಿದ್ಧವಾಯಿತೆಂಬುದಕ್ಕೆ ಲೆಕ್ಕವಿದೆ. ಆದರೆ ಆ ಎಂಜಿನ್ನನ್ನು ರೈಲಿಗೆ ಹಾಕಿ ದೂರದ ಶಾಖೆಗೆ ಕಳುಹಿಸಿ ಅಲ್ಲಿ ಚಾಸಿಗೆ ಕೂರಿಸಿದಾಗ ಎಷ್ಟು ದಿನಗಳು ಸಂದಿದ್ದುವೋ! ಎಂಜಿನ್ನು ಕೆಟ್ಟು ಇನ್ನೊಂದನ್ನು ಹಾಕಿಸಿದರೆ ಬಂಡಿಯ ವಯಸ್ಸೇ ಬದಲಾದಂತೆ. ತರುವಾಯ ಜನರಲ್ ಮೋಟಾರ್ಸಿನ ಆಲ್‌ಫ್ರೆಡ್ ಸ್ಲೋನ್ 1920ರ ದಶಕದಲ್ಲಿ ವರ್ಷವರ್ಷವೂ ರೂಪವನ್ನು ಮಾರ್ಪಡಿಸುವ ವ್ಯಾಪಾರತಂತ್ರವನ್ನು ರೂಢಿಗೆ ತಂದುದರಿಂದ, ಹೊಸ ವರ್ಷದ ಮಾದರಿ ಹಳೆಯ ವರ್ಷದ ಶರತ್ಕಾಲದಲ್ಲಿಯೇ ಅಂಗಡಿಗೆ ಬರತೊಡಗಿತು. ಇದರ ಪರಮೋದಾಹರಣೆ ಫೋರ್ಡ್ ಮಸ್ಟಾಂಗ್. 1964ರ ಮಾರ್ಚಿನಲ್ಲಿ ತಯಾರಿಕೆ ಆರಂಭ, ಏಪ್ರಿಲ್ 17ರಂದು ಲೋಕಾರ್ಪಣೆ. ಆದರೆ ಸಂಖ್ಯೆಯ ಆರಂಭದಲ್ಲಿ 5 ಎಂಬ ಅಂಕಿ, ಎಂದರೆ ಕಂಪೆನಿಯ ಲೆಕ್ಕದಲ್ಲಿ ಅದು 1965ರ ಬಂಡಿ. ಆಗಸ್ಟಿನ ಸುಮಾರಿಗೆ ಡೈನಮೋ ಹೋಗಿ ಆಲ್ಟರ್ನೇಟರು ಬಂದುದನ್ನು ಗಮನಿಸಿದ ಅಭಿಮಾನಿಗಳು, ಅದಕ್ಕೆ ಮುಂಚಿನವನ್ನು '1964½' ಎಂದು ಕರೆಯುತ್ತಾರೆ. ಯಾವ ಪಂಚಾಂಗದಲ್ಲಿಯೂ ಇಲ್ಲದ ಈ ಸಂವತ್ಸರವನ್ನು ನಂಬಿ ಜನ ಹೆಚ್ಚಿನ ಹಣ ಕೊಡುತ್ತಾರೆ. 1981ರಿಂದ ಕಡ್ಡಾಯವಾದ 17 ಅಕ್ಷರಗಳ ಸಂಖ್ಯೆಯಲ್ಲಿಯೂ ಹತ್ತನೆಯ ಅಕ್ಷರ ಸೂಚಿಸುವುದು ಈ ಮಾದರಿಯ ವರ್ಷವನ್ನೇ ಹೊರತು ಕಟ್ಟಿದ ದಿನವನ್ನಲ್ಲ.

ಇಷ್ಟಾದರೂ ಇವೆಲ್ಲ ಕ್ಲಬ್ಬಿನ ಮೇಜಿನ ಸುತ್ತ ತೀರುವ ಜಗಳಗಳು. ನ್ಯಾಯಾಲಯವೇ ಬಂಡಿಯ ಅಸ್ತಿತ್ವವನ್ನು ಕುರಿತು ತೀರ್ಪು ಕೊಡಬೇಕಾದ ಪ್ರಸಂಗ 1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಒದಗಿತು. 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ, ವೂಲ್ಫ್ ಬಾರ್ನಾಟೋ ಎಂಬ ಧನಿಕನು ಸಹಚಾಲಕರೊಡನೆ 1929 ಮತ್ತು 1930ರಲ್ಲಿ ಲೆ ಮಾನ್ ಪಂದ್ಯವನ್ನು ಎರಡು ಸಲ ಗೆದ್ದದ್ದು. ಒಂದೇ ಬಂಡಿ ಎರಡು ಸಲ ಗೆಲ್ಲುವುದು ಅಪೂರ್ವ. ಆದರೆ ಪಂದ್ಯದ ಬಂಡಿಯ ಬಾಳು ಎಂಥದು! ಒಂದೊಂದು ಪಂದ್ಯದ ನಡುವೆಯೂ ಬಿಚ್ಚಿ, ಸವೆದುದನ್ನು ಎಸೆದು, ಉತ್ತಮವಾದುದನ್ನು ಹಾಕುವರು. 1932ರ ಹೊತ್ತಿಗೆ ಅದಕ್ಕೆ ಎಂಟು ಲೀಟರಿನ ಬೇರೆ ಎಂಜಿನ್ನೇ ಬಂದಿತ್ತು. ಆ ರೂಪದಲ್ಲಿ ಬ್ರೂಕ್‌ಲ್ಯಾಂಡ್ಸಿನ ಓಟದ ಕಟ್ಟೆಯ ಮೇಲಿಂದ ಉರುಳಿ, ಚಾಲಕ ಕ್ಲೈವ್ ಡನ್‌ಫಿ ಮೃತನಾದನು. ಬಂಡಿಯನ್ನು ಮತ್ತೆ ಕಟ್ಟಿದರು. ಬಹುಕಾಲದ ತರುವಾಯ ಅದರ ಮಾಲಿಕನು ಒಂದು ಕಂಪೆನಿಗೆ 1 ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡನು. ಕೊಳ್ಳುವವರು, ಇದು ಲೆ ಮಾನ್ ಗೆದ್ದ ಬಂಡಿಯೇ ಅಲ್ಲವೆಂದು ಹಿಂದೆಗೆದರು. ನ್ಯಾಯಮೂರ್ತಿ ಆಟನ್ ಅವರ ಮುಂದೆ ತಜ್ಞರು ಕಬ್ಬಿಣದ ತುಂಡುಗಳ ವಂಶಾವಳಿಯನ್ನು ದಿನಗಟ್ಟಲೆ ಬಿಡಿಸಿಟ್ಟರು. 1929ರಲ್ಲಿ ಓಡಿದ ಭಾಗಗಳಲ್ಲಿ ಉಳಿದುದು ಅತ್ಯಲ್ಪವೆಂಬುದು ಸ್ಪಷ್ಟವಾಯಿತು. ಆದರೂ ನ್ಯಾಯಾಧೀಶರು, ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಸಾಗುವಾಗ ಎಲ್ಲಿಯೂ ಹಳೆಯದು ನಿಂತು ಹೊಸದು ಬೇರೆಯಾಗಿ ಹುಟ್ಟಿದ ಕ್ಷಣವಿಲ್ಲ, ಅದರ ಚರಿತ್ರೆ ಅವಿಚ್ಛಿನ್ನವಾಗಿದೆ, ಆದುದರಿಂದ ಆ ಹೆಸರಿಗೆ ಇದೇ ನ್ಯಾಯವಾದ ವಾರಸುದಾರ ಎಂದು ತೀರ್ಪಿತ್ತು, ಹಣ ಕೊಡುವಂತೆ ಆಜ್ಞಾಪಿಸಿದರು. ಈ ತೀರ್ಪು ಸರಿಯೇ ತಪ್ಪೇ ಎಂದು ಬಲ್ಲವರು ಇನ್ನೂ ಚರ್ಚಿಸುತ್ತಾರೆ. ಲೋಹವನ್ನು ಬಿಟ್ಟು ಚರಿತ್ರೆಯನ್ನು ಹಿಡಿದ ಆ ಆಲೋಚನೆ ನನಗೆ ಸಮ್ಮತವಾಗಿದೆ. ಏಕೆಂದರೆ ಕೊಳ್ಳಲು ಬಂದವನೂ ಕೋಟಿ ಪೌಂಡು ಕೊಡುವೆನೆಂದದ್ದು ಎರಡು ಟನ್ನಿನಷ್ಟು ಕಬ್ಬಿಣಕ್ಕಲ್ಲವಷ್ಟೆ.

ಸರ್ಕಾರಗಳಿಗೆ ಈ ಸೂಕ್ಷ್ಮಗಳು ಬೇಡ. ಅವಕ್ಕೆ ಒಂದು ತಾರೀಖು ಬೇಕು. ಇಂಗ್ಲೆಂಡಿನಲ್ಲಿ ಈಗ 40 ವರ್ಷ ತುಂಬಿದ ಬಂಡಿಗೆ ರಸ್ತೆಯ ತೆರಿಗೆಯಿಂದ ವಿನಾಯಿತಿಯಿದೆ. ಅಲ್ಲಿ ವಯಸ್ಸನ್ನು ಎಣಿಸುವುದು ನಿರ್ಮಾಣದ ದಿನದಿಂದ, ನೋಂದಣಿಯ ದಿನದಿಂದಲ್ಲ. ನಿರ್ಮಾಣದ ದಿನ ಗೊತ್ತಿಲ್ಲದಿದ್ದರೆ, ಜನವರಿ 8ಕ್ಕೆ ಮುಂಚೆ ನೋಂದಣಿಯಾದ ಬಂಡಿಯನ್ನು ಹಿಂದಿನ ವರ್ಷದ್ದೆಂದು ಒಪ್ಪುತ್ತಾರೆ. ಜನವರಿಯ ಮೊದಲ ವಾರ ಮಾರಾಟವಾದ ಬಂಡಿ ಡಿಸೆಂಬರಿನಲ್ಲಿಯಲ್ಲದೆ ಇನ್ನೆಂದು ಕಟ್ಟಲ್ಪಟ್ಟೀತೆಂಬ ಈ ಏಳು ದಿನಗಳ ಔದಾರ್ಯದಲ್ಲಿ ಯಾವನೋ ಒಬ್ಬ ವಿವೇಕಿಯಾದ ಅಧಿಕಾರಿಯ ಕೈವಾಡ ಕಾಣುತ್ತದೆ.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಕಾನೂನಿನ ರೂಪ ಬಂದುದು 2021ರಲ್ಲಿ. ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ಬಂಡಿಯನ್ನು ಪ್ರತ್ಯೇಕವಾಗಿ ದಾಖಲಿಸಿ, ರಾಜ್ಯದ ಅಕ್ಷರಗಳ ತರುವಾಯ ವಿ.ಎ. ಎಂಬ ಗುರುತುಳ್ಳ ಸಂಖ್ಯೆಯನ್ನು ಕೊಡುವರು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಬಂಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1989ರ ಜುಲೈಯಲ್ಲಿ ಹೊಸ ಮೋಟಾರು ಕಾಯಿದೆ ಜಾರಿಗೆ ಬಂದು ಕೆ.ಎ. ಎಂಬ ಅಕ್ಷರಗಳು ರೂಢಿಯಾಗುವುದಕ್ಕೆ ಮುಂಚಿನ, ಎಂ.ವೈ. ಎಂದು ಆರಂಭವಾಗುವ ಫಲಕಗಳ ಬಂಡಿಗಳು ನಮ್ಮಲ್ಲಿ ಇನ್ನೂ ಕೆಲವು ಉಳಿದಿವೆ. ಅವನ್ನು ಆರ್‌ಟಿಓ ಕಚೇರಿಗೆ ಒಯ್ದರೆ ಇನ್ಸ್‌ಪೆಕ್ಟರರು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಆರ್‌ಸಿ ಪುಸ್ತಕದೊಡನೆ ಹೋಲಿಸುತ್ತಾರೆ; ಹೋಲಿಸಿದರೆ ಸಾಕು, ಅಂಕಿಗಳು ವಾಲಿವೆಯೇ ನೇರವಾಗಿವೆಯೇ ಎಂಬ ತತ್ತ್ವಜಿಜ್ಞಾಸೆಗೆ ಅಲ್ಲಿ ಪುರುಸೊತ್ತಿಲ್ಲ. ಹೀಗಿರಲು, 1971ರ ಜನವರಿಯ ಮೊದಲ ವಾರದಲ್ಲಿ ನೋಂದಣಿಯಾದ ಒಂದು ಅಂಬಾಸಿಡರನ್ನು, ಬೇರೆ ದಾಖಲೆಯಿಲ್ಲದ ಪಕ್ಷದಲ್ಲಿ, ಸ್ವಾನ್ಸಿಯ ಕಚೇರಿ 1970ರದೆಂದು ಎಣಿಸೀತು. ಬೆಂಗಳೂರಿನ ಕಚೇರಿಗೆ ಅದು ನಿಸ್ಸಂಶಯವಾಗಿ 1971ರದು. ಕಲ್ಕತ್ತೆಯ ಹತ್ತಿರದ ಉತ್ತರಪಾರದಲ್ಲಿ ಅದಕ್ಕೆ ಚಕ್ರಗಳನ್ನು ತೊಡಿಸಿ ಕೆಳಗಿಳಿಸಿದ ದಿನ ಯಾವುದೆಂದು ಎರಡು ಕಚೇರಿಗಳೂ ವಿಚಾರಿಸುವುದಿಲ್ಲ.